ಕೀಲೆಣ್ಣೆಯಿಂದ ಗ್ರೀಸ್ ಗನ್ನಿಗೆ

ಒಂದು ಪ್ರದೇಶದ ಸಂಚಾರದ ಚರಿತ್ರೆಯನ್ನು ಹೇಳುವಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರಸ್ತೆ ಯಾವಾಗ ಆಯಿತು? ಸೇತುವೆ ಕಟ್ಟಿಸಿದವರು ಯಾರು? ಮೊದಲ ಬಸ್ಸು ಯಾರದು? ಆ ಬಸ್ಸಿನ ಅಡಿಯಲ್ಲಿ ಗೋಣಿ ಹಾಸಿ ಮಲಗಿ, ಅದರ ಕೀಲುಗಳಿಗೆ ಗ್ರೀಸ್ ತುಂಬಿದವರು ಯಾರು ಎಂದು ನಾವು ಕೇಳಿದ್ದು ಕಡಿಮೆ. ರಸ್ತೆ ಒಮ್ಮೆ ಆದರೆ ಉದ್ಘಾಟನೆ, ಕಲ್ಲಿನ ಮೇಲೆ ಹೆಸರು. ಗ್ರೀಸ್ ತುಂಬುವ ಕೆಲಸ ಮಾತ್ರ ಪ್ರತಿ ತಿಂಗಳೂ ಹೊಸದಾಗಿ ಆಗಬೇಕು, ಅದಕ್ಕೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಬ್ರಹ್ಮಾವರದಿಂದ ಕುಂದಾಪುರ, ಬೈಂದೂರಿನವರೆಗಿನ ಕರಾವಳಿಯನ್ನು ಮುಂದಿಟ್ಟುಕೊಂಡು ಈ ಮರೆತುಹೋದ ಅಧ್ಯಾಯವನ್ನು ತೆರೆದು ನೋಡುವುದು ಅಗತ್ಯವೆಂದು ನಮಗೆ ಅನಿಸುತ್ತದೆ.

ಈ ನಾಡು ಮೊದಲಿಗೆ ದೋಣಿಯ ನಾಡು. ಬ್ರಹ್ಮಾವರದ ಉತ್ತರಕ್ಕೆ ಸೀತಾನದಿ. ಕುಂದಾಪುರ, ಗಂಗೊಳ್ಳಿಗಳ ನಡುವೆ ಐದು ಹೊಳೆಗಳು ಕೂಡುವ ಪಂಚಗಂಗಾವಳಿ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯುದ್ದಕ್ಕೂ ಸಾಗಿದಾಗ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ದಾಟಿಯೇ ಭಟ್ಕಳಕ್ಕೆ ಹೋದ. ಆ ಕಾಲದಲ್ಲಿ ಸರಕು ಸಾಗಿದ್ದು ಬಹುಮಟ್ಟಿಗೆ ದೋಣಿಯಲ್ಲಿ, ಎತ್ತಿನ ಬೆನ್ನ ಮೇಲೆ, ಮನುಷ್ಯನ ತಲೆಯ ಮೇಲೆ. ಕೋಟದವರೇ ಆದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಓದಿದವರಿಗೆ ಹೊಳೆ, ಕಡಲುಗಳ ನಡುವೆ ಸಿಕ್ಕಿಕೊಂಡ ಈ ಬದುಕಿನ ಪರಿಚಯ ಇದ್ದೇ ಇರುತ್ತದೆ.

ಘಟ್ಟದ ದಾರಿಗಳು ಅಗಲವಾದ ಮೇಲೆ ಎತ್ತಿನ ಗಾಡಿಗಳು ಹೆಚ್ಚಿದವು. ಗಾಡಿಯ ಜತೆಗೆ ಬಂದದ್ದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಈ ಮಂದ ಎಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಗೆ ನೇತುಹಾಕುತ್ತಿದ್ದರು. ಕಡಾಣಿ ತೆಗೆದು, ಗಾಲಿಯನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಎಣ್ಣೆ ಬಳಿದು ಮತ್ತೆ ಸೇರಿಸಬೇಕು. ಇದನ್ನು ಮರೆತ ಗಾಡಿ ದೂರದಿಂದಲೇ ಕಿರುಗುಟ್ಟಿ ತನ್ನ ಯಜಮಾನನ ಸೋಮಾರಿತನವನ್ನು ಊರಿಗೆಲ್ಲ ಸಾರುತ್ತಿತ್ತು. ಅಂಥ ಗಾಡಿಯನ್ನು ಎಳೆಯುವ ಎತ್ತಿನ ಕಷ್ಟವೂ ಹೆಚ್ಚುತ್ತಿತ್ತು. ಎಣ್ಣೆ ಹಾಕುವುದೆಂದರೆ ಎತ್ತಿನ ಮೇಲಿನ ಕರುಣೆಯೂ ಹೌದು.

ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ, ಹೊಂಡದ ಪೆಟ್ಟು ನೇರವಾಗಿ ಮೇಲಿದ್ದವರ ಬೆನ್ನಿಗೆ ತಾಗುತ್ತಿತ್ತು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಲೀಫ್ ಸ್ಪ್ರಿಂಗನ್ನು ಯುರೋಪಿನ ಕುದುರೆ ಸಾರೋಟುಗಳು ಬಳಸಿದವು. ಇಂಗ್ಲೆಂಡಿನ ಒಬಡಾಯ ಎಲಿಯಟ್ 1804ರ ಸುಮಾರಿಗೆ ಅದಕ್ಕೊಂದು ಸುಧಾರಿತ ರೂಪ ಕೊಟ್ಟ. ಮೋಟಾರು ವಾಹನ ಅದನ್ನೇ ಎತ್ತಿಕೊಂಡಿತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಜನ ಕರೆಯುತ್ತಿದ್ದ ಸಿ.ಪಿ.ಸಿ. ಕಂಪನಿಯ ಬಸ್ಸುಗಳು ಆರಂಭವಾದಾಗ ನಮ್ಮ ಜಿಲ್ಲೆಗೆ ಈ ಸ್ಪ್ರಿಂಗಿನ ಹೊಸ ಯುಗ ಬಂದಿತು. ಸೇತುವೆ ಇಲ್ಲದ ಹೊಳೆಯ ದಡದಲ್ಲಿ ಬಸ್ಸು ನಿಲ್ಲಬೇಕು, ಜನ ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಕೆಲವೆಡೆ ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ವಾಹನವನ್ನೇ ದಾಟಿಸುತ್ತಿದ್ದರು. ಉಪ್ಪುನೀರು, ಕೆಸರು, ಕಲ್ಲುದಾರಿ ಈ ಮೂರೂ ಒಟ್ಟಾಗಿ ಕಬ್ಬಿಣವನ್ನು ತಿಂದವು.

ಬಸ್ಸು, ಲಾರಿಗಳು ಹೆಚ್ಚಿದಂತೆ ಬಿಡಿಭಾಗಗಳ ಬೇಡಿಕೆಯೂ ಹೆಚ್ಚಿತು. ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಲೀಫ್ ಸ್ಪ್ರಿಂಗ್ ತಯಾರಿಕೆಗೆ ಹೆಸರಾಯಿತು. ಮುಂದೆ ಲ್ಯಾಮಿನಾ ಸಸ್ಪೆನ್ಷನ್ ಕೂಡ ಅದೇ ಹಾದಿ ಹಿಡಿಯಿತು. ಬ್ಯಾಂಕು, ಹಂಚು, ಬೀಡಿಗಳಿಗೆ ಹೆಸರಾದ ಜಿಲ್ಲೆ ಸ್ಪ್ರಿಂಗಿಗೂ ಹೆಸರು ಮಾಡಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಗಾಲಿಯ ಮೇಲೆ ಬದುಕು ಕಟ್ಟಿಕೊಂಡವರ ಉದಾಹರಣೆ ಬೇಕಿದ್ದರೆ ಈ ಭಾಗದ ಯಕ್ಷಗಾನ ಮೇಳಗಳನ್ನೇ ನೋಡಬೇಕು. ಹಿಂದೆ ಕಲಾವಿದರು ಊರಿಂದೂರಿಗೆ ನಡೆದೇ ಹೋಗುತ್ತಿದ್ದರು, ವೇಷಭೂಷಣದ ಪೆಟ್ಟಿಗೆಗಳು ಹೊರೆಯಾಳುಗಳ ತಲೆಯ ಮೇಲಿರುತ್ತಿದ್ದವು. ಬ್ರಹ್ಮಾವರದ ಬಳಿಯ ಮಂದಾರ್ತಿ, ಕೊಲ್ಲೂರು ದಾರಿಯ ಸಮೀಪದ ಮಾರಣಕಟ್ಟೆ ಮುಂತಾದ ಹರಕೆ ಬಯಲಾಟದ ಮೇಳಗಳಿಗೂ, ಸಾಲಿಗ್ರಾಮದಂತಹ ಡೇರೆ ಮೇಳಗಳಿಗೂ ವಾಹನ ಬಂದ ಮೇಲೆ ತಿರುಗಾಟದ ಸ್ವರೂಪವೇ ಬದಲಾಯಿತು. ಡೇರೆ, ಕುರ್ಚಿ, ರಂಗಸ್ಥಳದ ಸಾಮಾನು, ಜನರೇಟರ್, ಪೆಟ್ಟಿಗೆಗಳೆಲ್ಲ ಲಾರಿಯೇರಿದವು. ಬೆಳಗಿನ ಜಾವ ಆಟ ಮುಗಿದರೆ ಸಂಜೆಯೊಳಗೆ ಇನ್ನೊಂದು ಊರಿನಲ್ಲಿ ಡೇರೆ ಏಳಬೇಕು. ನವೆಂಬರಿನಿಂದ ಮೇ ತನಕ ಇದು ಹೀಗೆಯೇ. ಗದ್ದೆಯ ಅಂಚಿನಲ್ಲಿ, ಹೊಂಡದ ಮಣ್ಣುದಾರಿಯಲ್ಲಿ ತುಂಬಿದ ಲಾರಿಯ ಒಂದು ಪಟ್ಟಿ ಮುರಿದರೆ ಅಂದಿನ ಆಟವೇ ನಿಂತೀತು. ರಾತ್ರಿ ವೇಷ ಕುಣಿಯಬೇಕಾದರೆ ಹಗಲು ಸ್ಪ್ರಿಂಗ್ ಗಟ್ಟಿಯಾಗಿರಬೇಕು.

ಇನ್ನು ಆ ಕೆಲಸದ ಬಗ್ಗೆ ಎರಡು ಮಾತು. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ಪಿನ್ನಿನಿಂದ ಸೇರಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುವ ಕೊಂಡಿಯಲ್ಲಿರುತ್ತದೆ. ಭಾರ ಬಿದ್ದಾಗ ಬಾಗಿದ ಪಟ್ಟಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದೇ ಈ ಕೊಂಡಿ. ಪಿನ್ನಿನ ಒಳಗೆ ಸಣ್ಣ ತೂತು, ಅದರ ತುದಿಗೆ ನಿಪ್ಪಲ್. ಮೊದಲು ನಿಪ್ಪಲನ್ನು ಒರೆಸಬೇಕು, ಇಲ್ಲವಾದರೆ ಗ್ರೀಸಿನ ಜತೆ ಮರಳೂ ಒಳಗೆ ಹೋಗಿ ಬುಷ್ಷನ್ನು ಅರೆಯುತ್ತದೆ. ಜಾಕ್ ಕೊಟ್ಟು ಚಾಸಿಯನ್ನು ಎತ್ತಿ, ಭದ್ರವಾದ ಆಧಾರ ಇಟ್ಟ ಮೇಲಷ್ಟೇ ಅಡಿಗೆ ಹೋಗಬೇಕು. ಪಿನ್ನಿನ ಮೇಲಿನ ಭಾರ ಇಳಿದರೆ ಮಾತ್ರ ಗ್ರೀಸ್ ಸುತ್ತಲೂ ಹರಿಯುತ್ತದೆ, ಇಲ್ಲದಿದ್ದರೆ ಹೆಚ್ಚು ಒತ್ತುವ ಕಡೆಯೇ ಒಣಗಿ ಉಳಿಯುತ್ತದೆ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಗನ್ ಒತ್ತಬೇಕು. ರಬ್ಬರ್ ಬುಷ್ಷಿಗೆ ಮಾತ್ರ ಈ ಗ್ರೀಸ್ ಸಲ್ಲದು, ಎಣ್ಣೆ ಕುಡಿದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬ್ರೇಕಿನ ಲೈನಿಂಗಿಗೆ ತಾಗಿದರಂತೂ ಪ್ರಾಣಕ್ಕೇ ಅಪಾಯ. ಕೊನೆಗೆ ಯು-ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಪಟ್ಟಿಗಳಲ್ಲಿ ಬಿರುಕಿದೆಯೇ ಎಂದು ನೋಡಬೇಕು.

ಗ್ರೀಸ್ ಎಂದರೆ ಎಣ್ಣೆಯನ್ನು ಸಾಬೂನಿನಂತಹ ವಸ್ತುವಿನಲ್ಲಿ ಹಿಡಿದಿಟ್ಟದ್ದು. ಸುಣ್ಣದ ಸಾಬೂನಿನ ಹಳೆಯ ಗ್ರೀಸ್ ನೀರನ್ನು ತಡೆಯುತ್ತಿತ್ತು, ಬಿಸಿಗೆ ಸೋಲುತ್ತಿತ್ತು. 1940ರ ದಶಕದಲ್ಲಿ ಬಂದ ಲಿಥಿಯಂ ಗ್ರೀಸ್ ಎರಡನ್ನೂ ತಾಳಿಕೊಂಡಿತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಮರವಂತೆಯಂತಹ ಕಡೆ ಹೆದ್ದಾರಿಗೇ ಕಡಲಿನ ಉಪ್ಪುಗಾಳಿ ಬಡಿಯುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕೀಲಿನಲ್ಲಿ ತುಂಬಿದ ಗ್ರೀಸ್ ಜಾರಿಕೆ ಕೊಡುವುದರ ಜತೆಗೆ ನೀರಿಗೆ ಬಾಗಿಲನ್ನೂ ಮುಚ್ಚುತ್ತದೆ. ಆದ್ದರಿಂದಲೇ ಮಳೆಗೆ ಮೊದಲು ಒಮ್ಮೆ, ಮಳೆ ಕಳೆದ ಮೇಲೆ ಇನ್ನೊಮ್ಮೆ ಈ ಕೆಲಸ ಆಗಲೇಬೇಕು. ಮೇಳದವರು ಗೆಜ್ಜೆ ಬಿಚ್ಚಿದ ಮೇಲಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಇದನ್ನೆಲ್ಲ ಶಾಲೆಯಲ್ಲಿ ಕಲಿಸಲಿಲ್ಲ. ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಮೇಸ್ತ್ರಿಯಿಂದ ಹುಡುಗನಿಗೆ, ಆ ಹುಡುಗ ಮೇಸ್ತ್ರಿಯಾದಾಗ ಇನ್ನೊಬ್ಬ ಹುಡುಗನಿಗೆ ಅದು ದಾಟಿತು. ಸ್ಪ್ಯಾನರ್ ಹಿಡಿದ ಕೈಗೆ ಮಸಿ ಬಳಿದುಕೊಂಡರೆ ಜಾತಿ, ಧರ್ಮ ಗುರುತು ಹತ್ತುವುದಿಲ್ಲ. ಒಬ್ಬರ ಲಾರಿಯನ್ನು ಇನ್ನೊಬ್ಬರು ರಿಪೇರಿ ಮಾಡಿಕೊಟ್ಟೇ ಈ ಊರುಗಳ ಹಬ್ಬ, ಜಾತ್ರೆ, ಉರೂಸ್, ಆಟಗಳು ನಡೆದಿವೆ. ಪರಸ್ಪರ ಅವಲಂಬನೆ ಎಂಬುದನ್ನು ಭಾಷಣಗಳಲ್ಲಿ ಹುಡುಕುವ ನಾವು ಗ್ಯಾರೇಜಿನ ಕಡೆಗೂ ಒಮ್ಮೆ ತಿರುಗಿ ನೋಡಬಹುದಿತ್ತು.

ಈಗ ಕಾಲ ಬದಲಾಗಿದೆ. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿ ಮುಂದೆ ಸುರತ್ಕಲ್ ತನಕ ವಿಸ್ತರಿಸಿದ ರೋ-ರೋ ಸೇವೆಯಲ್ಲಿ ತುಂಬಿದ ಲಾರಿಗಳೇ ರೈಲನ್ನೇರಿ ಕುಂದಾಪುರ, ಬೈಂದೂರು ದಾಟುತ್ತವೆ. ಹೆದ್ದಾರಿ 66 ಅಗಲವಾಗಿದೆ. ಗ್ರೀಸ್ ಬೇಡದ ಬುಷ್ಷುಗಳು, ಗಾಳಿ ತುಂಬಿದ ಸಸ್ಪೆನ್ಷನ್‌ಗಳು ಬಂದಿವೆ. ಇದು ಒಳ್ಳೆಯದೇ. ಅಡಿಯಲ್ಲಿ ಮಲಗಿ ದುಡಿದವನ ಬೆನ್ನಿಗೆ ಇಷ್ಟಾದರೂ ಬಿಡುವು ಸಿಗಲಿ. ಆದರೆ ಶಬ್ದ ಕೇಳಿಯೇ ಯಾವ ಕೀಲು ಒಣಗಿದೆ ಎಂದು ಹೇಳಬಲ್ಲ ಹಿರಿಯ ಮೇಸ್ತ್ರಿಗಳು ಇಂದೂ ನಮ್ಮ ನಡುವೆ ಇದ್ದಾರೆ. ಅವರ ಅನುಭವ ಬರಹಕ್ಕೆ ಇಳಿದಿಲ್ಲ. ಊರಿನ ಚರಿತ್ರೆ ಬರೆಯಲು ಹೊರಟ ಯುವಕರು ಶಾಸನ, ಕೋಟೆಗಳ ಜತೆಗೆ ಅವರ ಬಳಿಯೂ ಒಂದು ಸಂಜೆ ಕುಳಿತುಕೊಳ್ಳಲಿ. ಕೇಳುವವರು ಬಂದರೆ ಹೇಳುವುದಕ್ಕೆ ಅವರ ಬಳಿ ಬೇಕಾದಷ್ಟಿದೆ.