ಕಡಲು ಕಾಣದ ನದಿಯ ನೀರಿನ ಲೆಕ್ಕ

ಚೀನಾದ ವಾಯವ್ಯದಲ್ಲಿ ಚೀಲಿಯನ್ ಪರ್ವತಗಳಿಂದ ಇಳಿಯುವ ಹೇಹೆ ನದಿ ಕಡಲು ಸೇರುವುದಿಲ್ಲ. ಸುಮಾರು 800 ಕಿ.ಮೀ. ಹರಿದು ಒಳ ಮಂಗೋಲಿಯಾದ ಎಜಿನಾ ಮರುಭೂಮಿಯ ಜುಯಾನ್ ಸರೋವರಗಳಲ್ಲಿ ಮುಗಿದುಹೋಗುತ್ತದೆ. ಮೇಲೆ ಹಿಮ ಮತ್ತು ಕಾಡು, ನಡುವೆ ಝಾಂಗ್ಯೆಯ ಮೆಕ್ಕೆಜೋಳದ ಹೊಲಗಳು, ಕೆಳಗೆ ವರ್ಷಕ್ಕೆ 50 ಮಿ.ಮೀ. ಮಳೆಯೂ ಕಾಣದ ನೆಲ. ಒಳನಾಡಿನ ನದಿಗಳ ಅಧ್ಯಯನ ಬೆಳೆದು ಬಂದ ಬಗೆಯನ್ನು ಈ ಒಂದೇ ಕಣಿವೆಯಲ್ಲಿ ಓದಬಹುದು.

ಮೊದಮೊದಲು ಲೆಕ್ಕವೆಲ್ಲ ಹರಿವಿನದೇ ಆಗಿತ್ತು. ಬೆಟ್ಟದಿಂದ ಎಷ್ಟು ನೀರು ಬಂತು, ಕಾಲುವೆಗೆ ಎಷ್ಟು ಹೋಯಿತು ಎಂಬುದಷ್ಟೇ ಮುಖ್ಯ. ಆ ಲೆಕ್ಕ ನಡೆಯುತ್ತಿದ್ದಂತೆಯೇ 1961ರಲ್ಲಿ ಪಶ್ಚಿಮ ಜುಯಾನ್, 1992ರಲ್ಲಿ ಪೂರ್ವ ಜುಯಾನ್ ಬತ್ತಿದವು.

1980ರ ದಶಕದ ಕೊನೆಯಲ್ಲಿ ಇದೇ ಕಣಿವೆಯಲ್ಲಿ ಶುರುವಾದ ಚೀನಾ–ಜಪಾನ್ ಜಂಟಿ ಪ್ರಯೋಗ ಗಾಳಿಯತ್ತ ಕಣ್ಣು ಹಾಯಿಸಿತು. ನೀರುಂಡ ಹೊಲದ ತಂಪು, ತೇವದ ಗಾಳಿ ಪಕ್ಕದ ಮರಳಿನ ಮೇಲೆ ಹರಡಿದಾಗ, ಅಲ್ಲಿ ಹಗಲಿನಲ್ಲೇ ಆವಿ ಮೇಲಿನಿಂದ ನೆಲದ ಕಡೆಗೆ ಇಳಿಯುವುದು ಅಳತೆಗೆ ಸಿಕ್ಕಿತು. ಹಸಿರು ಮತ್ತು ಮರುಭೂಮಿ ಬೇರೆ ಬೇರೆ ಲೋಕಗಳಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ಇದಕ್ಕೂ ಮೊದಲೇ, 1978ರಲ್ಲಿ, ಅಮೆರಿಕದ ಜಲವಿಜ್ಞಾನಿ ಪೀಟರ್ ಈಗಲ್ಸನ್ ಹವಾಮಾನ, ಮಣ್ಣು, ಸಸ್ಯಗಳನ್ನು ಒಂದೇ ಸಮೀಕರಣದ ಎಳೆಗೆ ತಂದಿದ್ದರು. 1995ರಲ್ಲಿ ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್, ಮಣ್ಣಿನಲ್ಲಿ ಉಳಿದು ಗಿಡಗಳ ಮೂಲಕ ಆವಿಯಾಗುವ ನೀರನ್ನೂ ಸಂಪನ್ಮೂಲದ ಲೆಕ್ಕಕ್ಕೆ ಸೇರಿಸಿ 'ಹಸಿರು ನೀರು' ಎಂದರು.

ಈ ತಿಳಿವಳಿಕೆಗೆ ನಿಜವಾದ ಪರೀಕ್ಷೆ ಎದುರಾದದ್ದು 2000ದಲ್ಲಿ, ಹೇಹೆಯ ನೀರನ್ನು ಕೆಳಗಿನವರಿಗೂ ಹಂಚುವ ಆದೇಶ ಜಾರಿಗೆ ಬಂದಾಗ. ಸರಾಸರಿ ವರ್ಷದಲ್ಲಿ ಬೆಟ್ಟದ ಬಾಯಲ್ಲಿ 158 ಕೋಟಿ ಘನ ಮೀಟರ್ ಬಂದರೆ, 95 ಕೋಟಿಯನ್ನು ಕೆಳಕ್ಕೆ ಬಿಡಬೇಕು. 2002ರಲ್ಲಿ ಪೂರ್ವ ಜುಯಾನ್‌ಗೆ ನೀರು ಮರಳಿತು. ಆದರೆ ಕಾಲುವೆ ನೀರು ಕಡಿಮೆಯಾದ ನಡುವಣ ರೈತರು ಕೊಳವೆಬಾವಿಗಳತ್ತ ತಿರುಗಿದರು, ಹಲವೆಡೆ ಅಂತರ್ಜಲ ಇಳಿಯಿತು. ತುಂಬಿದ ಸರೋವರವನ್ನೇ ಗೆಲುವಿನ ಅಳತೆಗೋಲು ಮಾಡಿಕೊಂಡದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಎಜಿನಾದ ಮರುಭೂಮಿ ಪಾಪ್ಲರ್ ಮರ ಬದುಕುವುದು ಬೇರಿಗೆ ಎಟಕುವ ಅಂತರ್ಜಲದಿಂದ. ಅದರ ಬೀಜಕ್ಕೆ ಜೀವವಿರುವುದು ಕೆಲವೇ ವಾರ. ಅಷ್ಟರಲ್ಲಿ ನೆರೆ ಬಿಟ್ಟುಹೋದ ಹಸಿ ಮೆಕ್ಕಲು ಸಿಗದಿದ್ದರೆ ಮೊಳೆಯುವುದಿಲ್ಲ. ಹಾಗಾಗಿ ಎಷ್ಟು ನೀರು ಎಂಬುದರಷ್ಟೇ ಯಾವಾಗ, ಎಲ್ಲಿ ಎಂಬುದೂ ಮುಖ್ಯ.

2010ರಲ್ಲಿ ಚೀನಾದ ವಿಜ್ಞಾನಿ ಚೆಂಗ್ ಗ್ವೊದೊಂಗ್ ನೇತೃತ್ವದಲ್ಲಿ ಆರಂಭವಾದ ಬೃಹತ್ ಸಂಶೋಧನಾ ಯೋಜನೆ ನದಿ, ಅಂತರ್ಜಲ, ಬೆಳೆ, ಆರ್ಥಿಕತೆಗಳನ್ನು ಒಟ್ಟಿಗೆ ಹೆಣೆಯುವ ಮಾದರಿಗಳನ್ನು ಕಟ್ಟಿತು. 2012ರ ಕ್ಷೇತ್ರ ಪ್ರಯೋಗದಲ್ಲಿ ಝಾಂಗ್ಯೆಯ ಹೊಲಗಳ ನಡುವೆ ಟವರ್‌ಗಳು ಎದ್ದವು, ಮೇಲೆ ವಿಮಾನ, ಉಪಗ್ರಹಗಳ ಸಂವೇದಕಗಳು ಆವಿಯ ಜಾಡು ಹಿಡಿದವು.

ಈಗಿನ ಕಗ್ಗಂಟು ಇರುವುದು ಬೆಟ್ಟದಲ್ಲಿ. ಅಲ್ಲಿನ ಶಾಶ್ವತ ಹಿಮನೆಲ ಕರಗುತ್ತಿದ್ದಂತೆ ಚಳಿಗಾಲದ ಹರಿವು ಹೆಚ್ಚುತ್ತಿದೆ. ಆದೇಶದ ನಂತರದ ವರ್ಷಗಳಲ್ಲಿ ಬೆಟ್ಟದಿಂದ ನೀರು ಸರಾಸರಿಗಿಂತ ಧಾರಾಳವಾಗಿಯೇ ಬಂದಿದೆ. ಹಾಗಾಗಿ ಕೆಳಗಿನ ಚೇತರಿಕೆಯಲ್ಲಿ ಆದೇಶದ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಬೇರ್ಪಡಿಸಲು ಒಣ ವರ್ಷಗಳ ಅಳತೆಯೂ ಬೇಕು.