ಬ್ರಾಂಡಿ ಬಾಟ್ಲಿಯಲ್ಲಿ ಎಣ್ಣೆ, ಟೂಲ್ ಚೀಲದಲ್ಲಿ ಸಾಬೂನು

1983ರ ಡಿಸೆಂಬರಿನಲ್ಲಿ ಮೈಸೂರಿನಿಂದ ಕಾರವಾರಕ್ಕೆ ಹೊರಟಾಗ ನನ್ನ ಕ್ಯಾನ್ವಾಸ್ ಚೀಲದ ಬಾಯಲ್ಲೇ ಒಂದು ಬ್ರಾಂಡಿ ಬಾಟ್ಲಿ ಇತ್ತು, ಲುಂಗಿಯಲ್ಲಿ ಸುತ್ತಿಕೊಂಡು. ಅರಸೀಕೆರೆ ದಾಟಿದ ಮೇಲೆ ಒಬ್ಬ ಪೊಲೀಸಪ್ಪ ಗಾಡಿ ನಿಲ್ಲಿಸಿ ಚೀಲ ಬಿಚ್ಚಿಸಿದ. ಬಾಟ್ಲಿ ಕಂಡು ಅವನ ಮುಖ ಅರಳಿತು. ಮುಚ್ಚಳ ತಿರುಗಿಸಿ ಮೂಸಿದ್ದೇ ತಡ, ಅರಳಿದ ಮುಖ ಮುದುಡಿತು. ಒಳಗಿದ್ದದ್ದು ಟೂ-ಟಿ ಆಯಿಲ್.

ನನ್ನದು ಜಾವಾ 250, ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಟೂ-ಸ್ಟ್ರೋಕ್ ಎಂಜಿನ್ನು. ಒಳಗಿನ ಬೇರಿಂಗು, ಪಿಸ್ಟನ್ನುಗಳಿಗೆ ಪೆಟ್ರೋಲಿನ ಜೊತೆ ಬೆರೆತು ಬರುವ ಎಣ್ಣೆಯೇ ಗತಿ. ನಾನು ಲೀಟರಿಗೆ 40 ಮಿ.ಲೀ. ಬೆರೆಸುತ್ತಿದ್ದೆ. ಗಾಡಿ ಲೀಟರಿಗೆ ಸುಮಾರು 30 ಕಿ.ಮೀ. ಓಡುತ್ತಿತ್ತು. ಕಾರವಾರ ಐನೂರು ಕಿಲೋಮೀಟರಿಗೂ ಆಚೆ, ಅಂದರೆ 18 ಲೀಟರ್ ಪೆಟ್ರೋಲು, 720 ಮಿ.ಲೀ. ಎಣ್ಣೆ. 750ರ ಬಾಟ್ಲಿ ಅಳೆದು ಮಾಡಿಸಿದಂತೆ ಹೊಂದುತ್ತಿತ್ತು. ಬಂಕುಗಳಲ್ಲಿ ಕೈಪಂಪಿನಿಂದ ಬಿಡಿ ಎಣ್ಣೆ ಸಿಗುತ್ತಿತ್ತು, ನಿಜ. ಅದರಲ್ಲಿ ಏನೇನು ಬೆರೆತಿರುತ್ತಿತ್ತೋ ದೇವರೇ ಬಲ್ಲ. ಮನೆಯ ಕುಡಿಯುವ ನೀರನ್ನು ಪರವೂರಿಗೆ ಹೊತ್ತೊಯ್ಯುವ ಅಜ್ಜಿಯರ ಹಾಗೆ ನಾವು ಎಣ್ಣೆ ಹೊತ್ತೊಯ್ಯುತ್ತಿದ್ದೆವು.

ಘಟ್ಟ ಇಳಿಯುವಾಗ ಹಿರಿಯ ಸವಾರರು ಹೇಳುತ್ತಿದ್ದ ಮಾತೊಂದಿತ್ತು: ಗೇರಿನಲ್ಲೇ ಇಳಿ, ಆದರೆ ಆಗಾಗ ಆಕ್ಸಿಲರೇಟರ್ ತಿರುವುತ್ತಿರು. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತು, ಬಿಸಿಯಾದ ಪಿಸ್ಟನ್ನು ಸೀಜ್ ಆಗಿ ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಳ್ಳುತ್ತದೆ.

ಜಾವಾ ನಮ್ಮೂರಿನ ಗಾಡಿ. ಹೆಸರು ಮಾತ್ರ ಚೆಕ್ ನಾಡಿನದು. 1929ರಲ್ಲಿ ಯಾನೆಚೆಕ್ ಎಂಬಾತ ವಾಂಡರರ್ ಕಂಪನಿಯ ವಿನ್ಯಾಸ ಕೊಂಡು, ಎರಡೂ ಹೆಸರುಗಳ ಮೊದಲೆರಡು ರೋಮನ್ ಅಕ್ಷರ (Ja, Wa) ಜೋಡಿಸಿ ‘ಜಾವಾ’ ಮಾಡಿದ. ಮುಂಬೈಗೆ ಅದನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹೂಡಿತು. 1961ರಲ್ಲಿ ಅಲ್ಲಿನ ಯಾದವಗಿರಿಯಿಂದ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಆಯಿತು. ಹೀಗಾಗಿ ಊರೊಳಗೆ ಓಡಾಡುವಾಗ ನಮಗೆ ಚಿಂತೆಯೇ ಇರಲಿಲ್ಲ. ಯಾವ ಓಣಿಗೆ ಹೊಕ್ಕರೂ ಒಬ್ಬ ಮೆಕ್ಯಾನಿಕ್, ಅವನ ಡಬ್ಬಿಯಲ್ಲಿ ಬೇಕಾದ ಪಾರ್ಟು. ಊರು ಬಿಟ್ಟು ನೂರಾರು ಮೈಲಿ ಹೋದರೆ ಆ ಓಣಿಯನ್ನೇ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕಾಗುತ್ತಿತ್ತು.

ಮೊದಲು ಪ್ಲಗ್ಗು. ಬೆಂಗಳೂರು ಆಡುಗೋಡಿಯ ಮೈಕೋದ ಎರಡು ಹೊಸ ಪ್ಲಗ್ಗುಗಳನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೇ ಹಾಕಿಕೊಳ್ಳುತ್ತಿದ್ದೆ. ಎಣ್ಣೆ ಉರಿದು ಮಸಿಯಾಗಿ ಪ್ಲಗ್ಗಿನ ತುದಿಗೆ ಕಟ್ಟಿದರೆ ಕಿಡಿ ಹಾರುವುದಿಲ್ಲ, ಎಷ್ಟು ಕಿಕ್ ಹೊಡೆದರೂ ಅಷ್ಟೆ. ಪ್ಲಗ್ ಬಿಚ್ಚುವ ಕೊಳವೆ ಪಾನ, ಅದರ ತೂತಿಗೆ ತೂರಿಸುವ ಸರಳು. ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ಉಜ್ಜಲು ಬೆರಳಗಲದ ಉಪ್ಪುಕಾಗದ, ಬೆಂಕಿಪೆಟ್ಟಿಗೆಯಲ್ಲಿ ಒಂದು ಕಂಡೆನ್ಸರ್. ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಫ್ಯೂಸು, ಚೈನ್ ಲಾಕು. ಹತ್ತಿಯಲ್ಲಿ ಹುದುಗಿಸಿದ ಆರು ವೋಲ್ಟಿನ ಬಲ್ಬು. ಆ ಬಲ್ಬಿನ ಬೆಳಕಿನಲ್ಲಿ ಎದುರಿನ ಎಮ್ಮೆ ಕಾಣುವುದಕ್ಕಿಂತ ಮೊದಲು ಅದರ ವಾಸನೆಯೇ ಬರುತ್ತಿತ್ತು ಎನ್ನುವುದು ಬೇರೆ ಮಾತು. ಟೈರ್ ಬಿಚ್ಚುವ ಎರಡು ಲಿವರು, ಒಂದು ಟ್ಯೂಬು, ಸಲ್ಯೂಷನ್, ಕೈಪಂಪು. ಪಂಕ್ಚರ್ ಮಟ್ಟಿಗೆ ಜಾವಾ ದೊಡ್ಡ ಉಪಕಾರಿ. ಚೈನು, ಸ್ಪ್ರಾಕೆಟ್ಟು ತಮ್ಮ ಕವಚದಲ್ಲಿ ಹಾಗೇ ಕೂತಿರುತ್ತಿದ್ದವು, ಹಿಂದಿನ ಚಕ್ರವೊಂದೇ ಈಚೆ ಬರುತ್ತಿತ್ತು. ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಕೆಲಸವಿರಲಿಲ್ಲ.

ಇನ್ನು ಕ್ಲಚ್ ಕೇಬಲ್ಲು. ಹೊಸದನ್ನು ಹಳೆಯದರ ಪಕ್ಕಕ್ಕೇ ಟೇಪು ಸುತ್ತಿ ಕಟ್ಟಿಟ್ಟುಕೊಳ್ಳುವುದು ಅಂದಿನ ಜಾಣತನ. ಬುಲೆಟ್ಟಿನ ಗೆಳೆಯರಿಗೆ ಅದು ಪ್ರಾಣರಕ್ಷೆ. ನಮಗೆ ಅಷ್ಟೇನಲ್ಲ. ಜಾವಾದಲ್ಲಿ ಗೇರಿನ ಲಿವರ್ ಮೆಟ್ಟಿದರೆ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ, ಕೇಬಲ್ ಕಡಿದರೂ ಮನೆ ಮುಟ್ಟಬಹುದು. ಅದೇ ಲಿವರನ್ನು ಮೇಲೆ ತಿರುಗಿಸಿದರೆ ಕಿಕ್ಕರ್!

ಇಷ್ಟೆಲ್ಲ ತುಂಬಿದ ಮೇಲೆ ನನಗೆಂದು ಉಳಿಯುತ್ತಿದ್ದ ಜಾಗ ಒಂದು ಅಂಗಿ, ಒಂದು ಲುಂಗಿ, ಟವೆಲ್ಲಿಗೆ. ಚಳಿಗೆ ಅಂಗಿಯೊಳಗೆ ಹಳೆಯ ದಿನಪತ್ರಿಕೆ ಮಡಚಿಟ್ಟರೆ ಸ್ವೆಟರಿಗಿಂತ ಬೆಚ್ಚಗೆ. ಬುತ್ತಿಗೆ ಚಪಾತಿ, ಚಟ್ನಿಪುಡಿ. ಆರ್‌ಸಿ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು. ಎಲ್ಲವನ್ನೂ ಹಿಂದಿನ ಸೀಟಿಗೆ ಬಿಗಿಯಲು ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ; ಹಗ್ಗ ಗುಂಡಿಗಳಲ್ಲಿ ಸಡಿಲವಾಗುತ್ತದೆ, ರಬ್ಬರ್ ಆಗುವುದಿಲ್ಲ.

ಹೀಗೆ ಸರ್ವಸನ್ನದ್ಧನಾಗಿ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಮೊಣಕಾಲು ತಣ್ಣಗಾಯಿತು. ನೋಡಿದರೆ ಪ್ಯಾಂಟು ಒದ್ದೆ, ಮೂಗಿಗೆ ಪೆಟ್ರೋಲಿನ ವಾಸನೆ. ಟ್ಯಾಂಕಿನ ಅಡಿಯ ಬೆಸುಗೆ ಕೂದಲೆಳೆಯಷ್ಟು ಬಿಟ್ಟು ಹನಿಹನಿ ಸೋರುತ್ತಿದೆ, ಕೆಳಗೆ ಕಾದ ಎಂಜಿನ್ನು. ನನ್ನ ಇಡೀ ಓಣಿಯಲ್ಲಿ ಅದಕ್ಕೆ ಮದ್ದಿರಲಿಲ್ಲ. ತಿರುವಿನಲ್ಲಿ ನಿಂತಿದ್ದ ಲಾರಿಯ ಡ್ರೈವರ್ ಬಂದು ನೋಡಿ ಕೇಳಿದ್ದು ಒಂದೇ ಮಾತು: ‘ಸೋಪ್ ಐತೇನ್ರೀ?’ ಟವೆಲ್ಲಿನಲ್ಲಿ ಸುತ್ತಿದ್ದ ಮೈಸೂರು ಸ್ಯಾಂಡಲ್ ತೆಗೆದುಕೊಟ್ಟೆ. ಜಾಗ ಒರೆಸಿ, ಒಣಸಾಬೂನನ್ನು ಬಿರುಕಿಗೆ ಗಟ್ಟಿಯಾಗಿ ಉಜ್ಜಿ ತುಂಬಿದ. ನೀರಿಗೆ ಕರಗುವ ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ. ಸೋರುವುದು ನಿಂತಿತು. ಕಾರವಾರದಲ್ಲಿ ಟ್ಯಾಂಕ್ ತೊಳೆಸಿ ಬೆಸುಗೆ ಹಾಕಿಸುವವರೆಗೂ ಎಂಜಿನ್ನು ಕಾದಾಗಲೆಲ್ಲ ಶ್ರೀಗಂಧದ ಪರಿಮಳ. ಅಂದಿನಿಂದ ಸಾಬೂನು ಬಟ್ಟೆಯ ಕಡೆಯಿಂದ ಟೂಲ್ ಚೀಲಕ್ಕೆ ಬಡ್ತಿ ಪಡೆಯಿತು.

ಈ ಪಟ್ಟಿ ಕರಗಿದ್ದು ಒಂದೊಂದೇ ಸಾಮಾನಾಗಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕು, ತಾನೇ ಬೆರೆಸುವ ಪಂಪು. ಅಲ್ಲಿಗೆ ಅಳತೆಯ ಲೆಕ್ಕ ಹೋಯಿತು. ಅದೇ ವರ್ಷದ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕು, ಬೆರೆಸುವ ಗೊಡವೆಯೇ ಇಲ್ಲ, ಮೈಲೇಜೂ ಬಹಳ ಹೆಚ್ಚು. ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು ಪಾಯಿಂಟು, ಉಪ್ಪುಕಾಗದ ಹೋದವು. ಟ್ಯೂಬ್‌ಲೆಸ್ ಬಂದು ಲಿವರು, ಸಲ್ಯೂಷನ್ ಹೋದವು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದಿವೆ, ಆದರೆ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಹೋದ ವರ್ಷ ನನ್ನ ಸೋದರಳಿಯ ಲಡಾಖ್‌ಗೆ ಹೊರಟ. ಗಾಡಿಯ ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ, ಟ್ಯಾಂಕಿನ ಮೇಲೊಂದು ಚೀಲ. ಬಿಚ್ಚಿಸಿ ನೋಡಿದೆ: ಮೂರು ಜಾಕೆಟ್ಟು, ಎರಡು ಕ್ಯಾಮೆರಾ, ಚಾರ್ಜರುಗಳ ಗೊಂಚಲು, ಕಾಫಿ ಮಾಡುವ ಯಂತ್ರ. ಗಾಡಿಗೆಂದು ಇದ್ದದ್ದು ಅಂಗೈಯಗಲದ ಪಂಕ್ಚರ್ ಕಿಟ್ ಮತ್ತು ಕಂಪನಿಯ ಸಹಾಯವಾಣಿ ನಂಬರು. ಕೆಟ್ಟುಹೋಗುವ ಗಾಡಿಗಳ ಕಾಲದಲ್ಲಿ ನಾವು ಒಂದು ಚೀಲದಲ್ಲಿ ಹೋಗಿಬಂದೆವು, ಕೆಡದ ಗಾಡಿಗೆ ಈಗ ಮೂರು ಸಾಲದು. ನನಗೇನೂ ಹೊಟ್ಟೆಕಿಚ್ಚಿಲ್ಲ, ಕಾಫಿ ಯಂತ್ರದ ಬಗ್ಗೆ ಮಾತ್ರ ಸ್ವಲ್ಪ ಇದೆ. ಒಂದು ಸಾಬೂನು ಕೊಟ್ಟೆ. ಲಿಕ್ವಿಡ್ ಸೋಪ್ ಇದೆ ಮಾವ, ಅಂದ.

ನನ್ನ ಜಾವಾ ಈಗಲೂ ಸ್ಟಾರ್ಟ್ ಆಗುತ್ತದೆ. ಪ್ಲಗ್ಗಿನ ಕೊಳವೆ ಪಾನ ಮಾತ್ರ ಮನೆ ಬದಲಿಸುವಾಗ ಕಳೆದುಹೋಯಿತು. ಮೈಸೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಜಾವಾ, ಯೆಜ್ಡಿಗಳ ಟೂಲ್ ಚೀಲಗಳು ತುಕ್ಕು ಹಿಡಿದು ಬಿದ್ದಿರಬೇಕು. ದಯವಿಟ್ಟು ಗುಜರಿಗೆ ತೂಗಿ ಹಾಕಬೇಡಿ. ಜುಲೈ ತಿಂಗಳ ಎರಡನೇ ಭಾನುವಾರ ಈ ಗಾಡಿಗಳವರೆಲ್ಲ ಸೇರುತ್ತಾರೆ, ಅಲ್ಲಿ ಯಾರ ಕೈಗಾದರೂ ಕೊಡಿ. ಪಾನ ಸಿಕ್ಕಿದರೆ ನನಗೆ.