ಹರಿದ ಕಾಗದದ ಬೆನ್ನು ಹತ್ತಿ

ಸ್ಕಂದಗಿರಿಗೆ ನಮ್ಮ ಕಡೆ ಕಳವಾರ ಬೆಟ್ಟ ಎಂದೇ ಹೆಸರು. ಅದರ ತಪ್ಪಲಲ್ಲಿ ಬೆಳೆದ ನನಗೆ ಸತ್ಯ ಎಂದೊಡನೆ ಕಣ್ಮುಂದೆ ಬರುವುದು ಹರಿಶ್ಚಂದ್ರ ನಾಟಕದ ಸ್ಮಶಾನ: ಮಾಡದ ಕೊಲೆಯ ಆರೋಪ ಹೊತ್ತು ಕೂತ ಚಂದ್ರಮತಿ, ಅವಳ ಮೇಲೆ ಕತ್ತಿ ಎತ್ತಬೇಕಾದ ಗಂಡ. ಹಂಪಿಯ ರಾಘವಾಂಕ ಷಟ್ಪದಿಯಲ್ಲಿ ಕಟ್ಟಿದ ಕಥೆ ಇದು. 1927ರಲ್ಲಿ ಪಕ್ಕದ ನಂದಿ ಬೆಟ್ಟದಲ್ಲಿ ಆರೋಗ್ಯ ಸುಧಾರಿಸಿಕೊಂಡ ಗಾಂಧೀಜಿಯವರೂ ಬಾಲ್ಯದಲ್ಲಿ ಈ ನಾಟಕ ಕಂಡವರು. ಎಲ್ಲರೂ ಹರಿಶ್ಚಂದ್ರನಂತೆ ಏಕೆ ಸತ್ಯವಂತರಾಗಬಾರದು ಎಂದು ಆಗಲೇ ಕೇಳಿಕೊಂಡಿದ್ದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ ನಿಮ್ಮಂಥವರು ಹಾಗೆ ಬದುಕಿದ್ದುಂಟೇ? ಈ ಪ್ರಶ್ನೆಯೇ ನನ್ನನ್ನು ಹುಡುಕಾಟಕ್ಕೆ ಹಚ್ಚಿತು.

ಮೊದಲು ಸಿಕ್ಕಿದ್ದು ಆರ್ಥರ್ ಮಿಲ್ಲರ್ ಅವರ 1953ರ ನಾಟಕ ‘ದಿ ಕ್ರೂಸಿಬಲ್’. 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಡೆದ ಮಾಟದ ವಿಚಾರಣೆಗಳೇ ಅದರ ವಸ್ತು. ರೈತ ಜಾನ್ ಪ್ರಾಕ್ಟರ್ ಜೀವದಾಸೆಗೆ ಸುಳ್ಳು ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾನೆ, ಕೊನೆಗೆ ಅದನ್ನು ಹರಿದು ನೇಣಿಗೆ ನಡೆಯುತ್ತಾನೆ.

ಆ ಹರಿದ ಕಾಗದ ಸಿಕ್ಕೀತೆಂದು ಅಚ್ಚಾಗಿರುವ ನ್ಯಾಯಾಲಯದ ದಾಖಲೆಗಳನ್ನು ತೆರೆದೆ. ಪ್ರಾಕ್ಟರ್ ತಪ್ಪೊಪ್ಪಿಕೊಂಡೇ ಇರಲಿಲ್ಲ! ಬದಲಿಗೆ ಸಿಕ್ಕಿದ್ದು 1692ರ ಜುಲೈ 23ರಂದು ಅವನು ಸೆರೆಮನೆಯಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಬರೆದ ಪತ್ರ. ಮಾಡದ ತಪ್ಪನ್ನು ಒಪ್ಪಲಿಲ್ಲವೆಂದು ಮಗ ವಿಲಿಯಂನ ಕುತ್ತಿಗೆಯನ್ನೂ ಹಿಮ್ಮಡಿಯನ್ನೂ ಸೇರಿಸಿ ಬಿಗಿದರಂತೆ, ಮೂಗಿನಿಂದ ರಕ್ತ ಚಿಮ್ಮುವವರೆಗೆ. ಅಪ್ಪನೊಬ್ಬ ಇದನ್ನು ಬರೆಯುವಾಗ ಕೈ ಹೇಗೆ ನಡುಗಿರಬೇಕು! ಆಗಸ್ಟ್ 19ರಂದು ಅವನನ್ನು ಗಲ್ಲಿಗೇರಿಸಿದರು.

ಹಾಗಾದರೆ ಆಡಿದ ಸುಳ್ಳನ್ನು ಹಿಂತೆಗೆದುಕೊಂಡವರು ಯಾರೂ ಇರಲಿಲ್ಲವೇ? ಇದ್ದರು. ಹದಿಹರೆಯದ ಮಾರ್ಗರೆಟ್ ಜೇಕಬ್ಸ್ ಅಂಥವಳು. ಒಪ್ಪಿಕೊಂಡರೆ ಜೀವ ಉಳಿಯುತ್ತದೆ, ಇಲ್ಲವಾದರೆ ನೇಣು ಎಂದು ಹೆದರಿಸಿದಾಗ ಅವಳು ಒಪ್ಪಿಕೊಂಡಳು, ಸ್ವಂತ ಅಜ್ಜನ ಮೇಲೂ ಆರೋಪ ಹೊರಿಸಿದಳು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆಡಿದ್ದೆಲ್ಲ ಸುಳ್ಳೆಂದು ನ್ಯಾಯಾಲಯಕ್ಕೆ ಬರೆದುಕೊಟ್ಟಳು. ಕಳಂಕಿತ ಮನಸ್ಸಿನೊಡನೆ ಬದುಕುವುದಕ್ಕಿಂತ ಸಾವೇ ಮೇಲು ಎಂಬುದು ಅವಳ ನಿಲುವು. ಆದರೂ ಅಜ್ಜ ಉಳಿಯಲಿಲ್ಲ, ಪ್ರಾಕ್ಟರ್ ಜೊತೆ ಅದೇ ದಿನ ಗಲ್ಲಿಗೇರಿದ. ವಿಚಾರಣೆಯ ಹೊತ್ತಿಗೆ ಕಾಯಿಲೆ ಬಿದ್ದದ್ದರಿಂದ ಅವಳು ಉಳಿದಳು. ಮುಂದೆ 1693ರಲ್ಲಿ ನಿರ್ದೋಷಿ ಎಂದು ತೀರ್ಪಾಯಿತು.

ಆಂಡೋವರಿನ ಬಡಗಿ ಸ್ಯಾಮ್ಯುಯೆಲ್ ವಾರ್ಡ್‌ವೆಲ್‌ಗೆ ಆ ಅದೃಷ್ಟವಿರಲಿಲ್ಲ. 1692ರ ಸೆಪ್ಟೆಂಬರ್ 1ರಂದು ಒಪ್ಪಿಕೊಂಡ, 13ರಂದು ಅದು ಸುಳ್ಳೆಂದ, 22ರಂದು ನೇಣಿಗೇರಿದ. ತಪ್ಪೊಪ್ಪಿಗೆಗೆ ಅಂಟಿಕೊಂಡಿದ್ದರೆ ಉಳಿಯುತ್ತಿದ್ದ. ಅಂಟಿಕೊಂಡವರಾರನ್ನೂ ಆಗ ಗಲ್ಲಿಗೇರಿಸಲಿಲ್ಲ. ನಾಟಕದ ಹರಿದ ಕಾಗದ ನಿಜದಲ್ಲಿ ಈ ಇಬ್ಬರದು.

ಹರಿಶ್ಚಂದ್ರ ಅರಸ, ಅವನ ಕಥೆಯಲ್ಲಿ ಕೊನೆಗೆ ಶಿವನೇ ಬಂದು ಕಾಯುತ್ತಾನೆ. ಬಡಗಿಯನ್ನು ಕಾಯಲು ಯಾರೂ ಬರಲಿಲ್ಲ. ಹಿಂಸೆಯಿಂದ ಹೊರಡಿಸಿದ ಮಾತು ನೋವಿಗೆ ಸಾಕ್ಷಿಯೇ ಹೊರತು ತಪ್ಪಿಗಲ್ಲ. ಈ ಕಾಗದಗಳು ಹೇಳುವುದು ಇಷ್ಟೇ. 1711ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಪ್ರಾಕ್ಟರ್ ಮತ್ತು ವಾರ್ಡ್‌ವೆಲ್ ಇಬ್ಬರ ಶಿಕ್ಷೆಯನ್ನೂ ರದ್ದುಮಾಡಿತು.